ಹತ್ತು ಡಬ್ಬಿ ಹಾಲಿನ ಪುಡಿ

ಮಂಗಳವಾರ ಬೆಳಿಗ್ಗೆ ಏಳಕ್ಕೆ ಟರ್ಕಿ ಫೋರ್ಕ್ ಠಾಣೆಗೆ ದೂರು ಬಂತು. ಕೊಟ್ಟವರು ಕಿರಾಣಿ ಅಂಗಡಿಯ ಓಮಾ ಹೆನ್ಸ್ಲಿ, ವಯಸ್ಸು ಅರವತ್ತೆರಡು. ಕಳುವಾದದ್ದು ಹಸುಗೂಸುಗಳ ಹಾಲಿನ ಪುಡಿ, ಹತ್ತು ಡಬ್ಬಿ. ಎಫ್‌ಐಆರ್ ಬರೆದುಕೊಳ್ಳುತ್ತಿದ್ದ ಇನ್ಸ್‌ಪೆಕ್ಟರ್ ರೋವೀನಾ ಕೋಂಬ್ಸ್‌ಗೆ ಮುದುಕಿ ತನ್ನ ಅಂಗಡಿಯ ವಿಳಾಸವನ್ನೇ ತಪ್ಪಾಗಿ ಹೇಳಿದ್ದು ಕೇಳಿ ಕಸಿವಿಸಿಯಾಯಿತು. ಕಲ್ಲಿದ್ದಲ ಗಣಿ ಕುಸಿದು ಗಂಡ ಸತ್ತ ವಾರವೂ ಅಂಗಡಿ ತೆರೆದಿದ್ದ ಗಟ್ಟಿಗಿತ್ತಿ ಈಕೆ.

"ಸರ್ಕಾರದ ಆಹಾರ ನೆರವಿನ ತಪಾಸಣೆ ಇವತ್ತೇ ಅಲ್ವಾ?"

"ಹತ್ತಕ್ಕೆ ಬರ್ತಾರೆ ಕಣಮ್ಮ. ಹತ್ತು ಡಬ್ಬಿ ಕಣ್ಣಿಗೆ ಕಾಣಲೇಬೇಕು. ಒಂದು ಕಮ್ಮಿಯಾದ್ರೂ ಸರ್ಕಾರದ ಕಾರ್ಡಿಗೆ ಮಾಲು ಕೊಡೋ ಪರವಾನಗಿ ಹೋಯ್ತು."

"ಬೇರೆ ತರಿಸಿ."

"ಸಗಟು ಲಾರಿ ಬರೋದು ಗುರುವಾರ. ಪಟ್ಟಣದ ದೊಡ್ಡಂಗಡೀಲಿ ಕೊಂಡು ತಂದಿದ್ದನ್ನ ಅವರು ಒಪ್ಪಲ್ಲ."

ಪರವಾನಗಿ ಹೋದರೆ ಓಮಾಳ ಅರ್ಧ ವ್ಯಾಪಾರ ಹೋದಂತೆ. ಕಣಿವೆಯ ಬಾಣಂತಿಯರು ಸರ್ಕಾರದ ಕಾರ್ಡು ಹಿಡಿದು ಬೆಟ್ಟ ದಾಟಿ ಪಟ್ಟಣಕ್ಕೇ ಹೋಗಬೇಕು.

ಪಂಚನಾಮೆಗೆ ಹೋದಾಗ ಅಂಗಡಿ ಮದುವೆ ಮನೆಯ ಹಾಗೆ ಸಿದ್ಧವಾಗಿತ್ತು. ನೆಲ ಒರೆಸಿತ್ತು. ಮೊಟ್ಟೆ, ಚೀಸ್‌ಗಳ ತಾರೀಕು ಎದುರಿಗೆ ಕಾಣುತ್ತಿತ್ತು. ಬೀಗ ಮುರಿದಿರಲಿಲ್ಲ. ಸಿಗರೇಟು, ಗಲ್ಲಾಪೆಟ್ಟಿಗೆ ಹಾಗೇ ಇದ್ದವು.

"ಕಳ್ಳ ಭಾರಿ ಸಭ್ಯಸ್ಥ ಮೇಡಂ," ಎಂದ ಕಾನ್‌ಸ್ಟೆಬಲ್ ಡಾಯ್ಲ್.

ರೋವೀನಾ ಬರಿದಾದ ಜಾಗ ಹುಡುಕಿದಳು. ಥಟ್ಟನೆ ಕಾಣಲಿಲ್ಲ. ಪಕ್ಕದ ಓಟ್ಸ್ ಪೊಟ್ಟಣಗಳನ್ನು ಯಾರೋ ಅಂಚಿಗೆಳೆದು, ಹೆಸರು ಮುಂದಕ್ಕೆ ಬರುವಂತೆ ಸಾಲಾಗಿ ಜೋಡಿಸಿ ಖಾಲಿ ಜಾಗ ಮುಚ್ಚಿದ್ದರು.

"ಇದನ್ನ ಜೋಡಿಸಿದ್ದು ನೀವಾ?"

"ನಾನು ಮುಟ್ಟೇ ಇಲ್ಲ."

ಕದಿಯಲು ಬಂದವನು ಮಾಲು ಓರಣ ಮಾಡಿ ಹೋಗುವುದಿಲ್ಲ. ಖಾಲಿ ಜಾಗ ಕಂಡರೆ ಕೈ ತಾನಾಗಿ ಮುಂದಾಗುವುದು ಅಂಗಡಿಯವನಿಗೆ ಮಾತ್ರ.

"ಇನ್ನೊಂದು ಕೀಲಿ ಯಾರ ಹತ್ರ ಇದೆ?"

ಓಮಾ ಮೊಟ್ಟೆಗಳ ಕಡೆ ನೋಡಿದಳು. "ನಂಗೆ ಆಪರೇಷನ್ ಆದಾಗ ಹೊಳೆಯಾಚೆ ಅಂಗಡಿ ಇಟ್ಟಿರೋ ಆರ್ಲಿಸ್‌ಗೆ ಕೊಟ್ಟಿದ್ದೆ. ವಾಪಸ್ ಕೇಳೋಕೆ ಮನಸ್ಸಾಗ್ಲಿಲ್ಲ."

"ಇನ್ನೂ ಏನೋ ನುಂಗ್ತಿದ್ದೀರಿ."

"ಡಬ್ಬಿ ಎಲ್ಲಾ ನಂದಲ್ಲ," ಎಂದಳು ಓಮಾ ಕೊನೆಗೆ. "ಐದು ನಂದು, ಐದು ಅವನ್ದು. ಯಾರಿಗೆ ತಪಾಸಣೆಯೋ ಹತ್ತೂ ಅವರ ಅಂಗಡೀಲಿರ್ತಾವೆ. ಅಷ್ಟು ದುಬಾರಿ ಮಾಲು ಇಬ್ರೂ ತುಂಬೋಕಾಗಲ್ಲ."

ಆರ್ಲಿಸ್ ಸ್ಟಂಪರ್‌ನ ಅಂಗಡಿಯಲ್ಲೂ ನೆಲ ಒದ್ದೆಯಿತ್ತು. ಹತ್ತು ಡಬ್ಬಿಗಳು ಎದುರಿಗೇ ಕೂತಿದ್ದವು. ಅವನ ಹೆಬ್ಬೆರಳಿನ ಉಗುರಿನಡಿ ಓಮಾ ಅಂಟಿಸುವ ನೇರಳೆ ಬೆಲೆಚೀಟಿಯ ಚೂರು ಸಿಕ್ಕಿಕೊಂಡಿತ್ತು.

"ನಿಮಗೂ ಇವತ್ತೇನಾ?" ರೋವೀನಾ ಕೇಳಿದಳು.

"ಈ ಸಲ ಇಬ್ರು ಅಧಿಕಾರಿಗಳಂತೆ. ಎರಡೂ ಕಡೆ ಹತ್ತಕ್ಕೆ. ನಿನ್ನೆ ಸಂಜೆ ಫೋನ್ ಬಂತು."

"ನಿಮ್ಮ ಐದು ಮಾತ್ರ ತಗೋಬಹುದಿತ್ತು."

"ಐದೈದು ಹಂಚ್ಕೊಂಡಿದ್ರೆ ಇಬ್ರೂ ಮುಳುಗ್ತಿದ್ವಿ. ನಂಗೆ ಆಗ್ಲೇ ಅಧಿಕಾರಿಗಳಿಂದ ಒಂದು ಎಚ್ಚರಿಕೆ ಬಂದಿದೆ."

ಅವನು ಕೀಲಿಯನ್ನು ತಾನೇ ತೆಗೆದು ಕೊಟ್ಟ. ದಸ್ತಗಿರಿ ಎಂಟೂಮುಕ್ಕಾಲಿಗೆ. ಡಬ್ಬಿಗಳನ್ನು ಜಪ್ತಿ ಮಾಡಿ ಮೊಹರು ಹಾಕಿದರು.

ಒಂಬತ್ತೂವರೆಗೆ ಓಮಾ ಏದುಸಿರು ಬಿಡುತ್ತ ಠಾಣೆಗೆ ಬಂದಳು. "ಅವನಿಗೂ ಇವತ್ತೇ ತಪಾಸಣೆ ಅಂತ ಈಗ ಗೊತ್ತಾಯ್ತು. ದೂರು ವಾಪಸ್ ತಗೋತೀನಿ. ಡಬ್ಬಿ ಅವನಿಗೆ ಕೊಟ್ಬಿಡಿ. ಒಂದಂಗಡಿಯಾದ್ರೂ ಉಳೀಲಿ."

"ಮೊಹರು ಬಿತ್ತು ಓಮಾ. ಇನ್ನು ನ್ಯಾಯಾಧೀಶರೇ ಬಿಚ್ಚಿಸಬೇಕು." ಕಾನೂನಿನ ಪ್ರಕಾರ ಮಾಡಿದ ಕೆಲಸಕ್ಕೆ ರೋವೀನಾ ಎಂದೂ ಇಷ್ಟು ನಾಚಿರಲಿಲ್ಲ. "ಒಂದು ಗಂಟೆ ಮುಂಚೆ ಬಂದಿದ್ರೆ..." ಎಂದು ಕಡತ ಮುಚ್ಚಿದಳು.

ಓಮಾ ಬೆಂಚಿನ ಮೇಲಿದ್ದ ಆರ್ಲಿಸ್‌ನ ಕಡೆ ತಿರುಗಿದಳು. "ಬಾಯಿಬಿಟ್ಟು ಕೇಳೋಕೇನಾಗಿತ್ತೋ ನಿಂಗೆ, ಮೂಳ?"

"ಕೇಳಿದ್ರೆ ನೀನು ಕೊಟ್ಬಿಡ್ತಿದ್ದೆ."

"ಕೊಡ್ತಿದ್ದೆ. ಅದಕ್ಕೆ?"

"ಅದಕ್ಕೇ ಕೇಳಲಿಲ್ಲ. ನಿನ್ನ ಕೈಯಿಂದ್ಲೇ ಇಸ್ಕೊಂಡು, ನಿನ್ನಂಗಡಿ ಮುಚ್ಚಿಸಿ, ದಿನಾ ನಿನ್ನ ಮುಖ ಹೆಂಗೆ ನೋಡ್ಲಿ? ಕಳ್ಳ ಅನ್ನಿಸ್ಕೊಳ್ಳೋದೇ ವಾಸಿ ಅನ್ನಿಸ್ತು."

ಓಮಾ ಅವನ ಪಕ್ಕದಲ್ಲಿ ಕೂತಳು. ಹತ್ತು ಗಂಟೆಗೆ ಹೊಳೆಯ ಎರಡೂ ದಡಗಳಲ್ಲಿ ಅಧಿಕಾರಿಗಳು ಬಂದು ಬಾಗಿಲು ತಟ್ಟಿದರು. ಎರಡೂ ಅಂಗಡಿಗಳ ಯಜಮಾನರು ಠಾಣೆಯ ಬೆಂಚಿನ ಮೇಲಿದ್ದರು.