ಒಂದು ಸುತ್ತು ಕಡಿಮೆ

ಚಾದರದ ಇನ್ನೊಂದು ತುದಿ ಹಿಡಿಯಲು ಒಂದು ಜೊತೆ ಕೈ. ಹದಿನೈದು ವರ್ಷ ಸಂಸಾರ ಮಾಡಿದ ಮೇಲೆ ಅವಳಿಗೆ ಬೇಕಾಗಿದ್ದುದು ಇಷ್ಟೇ. ಅತ್ತೆ ಹಾಸಿಗೆ ಹಿಡಿದು ಮೂರು ವರ್ಷವಾಗಿತ್ತು. ಬೆನ್ನು ಹುಣ್ಣಾಗದ ಹಾಗೆ ಹೊತ್ತುಹೊತ್ತಿಗೆ ಮಗ್ಗುಲು ಬದಲಿಸಬೇಕು. ಇಬ್ಬರು ಚಾದರದ ಎರಡು ತುದಿ ಹಿಡಿದರೆ ಹೂವೆತ್ತಿದಷ್ಟು ಸಲೀಸು. ಒಬ್ಬಳೇ ಎಳೆದರೆ ಸೊಂಟ ಬಿದ್ದುಹೋಗುತ್ತದೆ. ಆ ಇನ್ನೊಂದು ತುದಿ ಹಿಡಿಯಬೇಕಾದ ಮಗರಾಯ ವರ್ಷದ ಮುಕ್ಕಾಲು ಪಾಲು ಯಾವುದಾದರೊಂದು ಶೂಟಿಂಗ್ ಸ್ಪರ್ಧೆಯ ಶಿಬಿರದಲ್ಲಿ, ಒಂದು ಕೈಯಲ್ಲಿ ಪಿಸ್ತೂಲು ಹಿಡಿದು, ಇನ್ನೊಂದನ್ನು ಜೇಬಿಗಿಳಿಸಿಕೊಂಡು ನಿಂತಿರುತ್ತಿದ್ದ.

ಗಂಡನ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. ಸಿಟ್ಟು ಮಾಡಿಕೊಳ್ಳಲೂ ಮೈಯಲ್ಲಿ ಒಂದಿಷ್ಟು ಕಸುವು ಬೇಕು.

"ಈ ಸಲ ತಂಡಕ್ಕೆ ಆಯ್ಕೆ ಆಗದಿದ್ರೆ ಮುಗೀತು ಕಣೇ," ಎಂದು ಒಂದು ದಿನ ಊಟದ ನಡುವೆ ಅವನಾಗಿಯೇ ಹೇಳಿದ. "ಪಿಸ್ತೂಲ್ ಮಾರಿಬಿಟ್ಟು ಮನೇಲಿರ್ತೀನಿ. ಅಮ್ಮನಾಣೆ."

"ನನ್ನ ಮೇಲೆ ಯಾಕೋ ಆಣೆ? ಇರೋದೇ ಗುಟುಕು ಜೀವ," ಎಂದರು ಅತ್ತೆ ಒಳಗಿನಿಂದ.

ಅವಳು ನಗಲಿಲ್ಲ. ಆಯ್ಕೆಯಾದರೆ ಎರಡು ವರ್ಷ ತಂಡದ ಜೊತೆ ದೂರದೂರಿನಲ್ಲಿ ವಾಸ, ಆಗದಿದ್ದರೆ ಮನೆ. ನಡುವೆ ಇದ್ದದ್ದು ಒಂದೇ ಪಂದ್ಯ. ಅವನು ಸೋಲಲಿ ಎಂದು ಅವಳು ಮನಸ್ಸಿನಲ್ಲೇ ಬೇಡಿಕೊಂಡಳು. ಬೇಡಿಕೊಂಡದ್ದಕ್ಕೆ ನಾಚಿಕೊಂಡಳು. ಆಮೇಲೆ, ಬರೀ ಬೇಡಿಕೊಂಡರೆ ಆಗುವ ಕೆಲಸವಲ್ಲ ಇದು ಎಂದುಕೊಂಡಳು.

ಅಷ್ಟರಲ್ಲಿ ಪಿಸ್ತೂಲು ಅಭ್ಯಾಸದ ಮೇಜಿನಿಂದ ಜಾರಿ ಬಿದ್ದು, ಗುರಿ ನೋಡುವ ಹಿಂದಿನ ಸೈಟು ಸೊಟ್ಟಗಾಯಿತು. ಗಂಡ ಹೊಸ ಸೈಟು ತಂದು, ಎಂದಿನಂತೆ ಅವಳ ಮುಂದಿಟ್ಟ. ಅವಳ ಅಪ್ಪ ಗಡಿಯಾರ ರಿಪೇರಿಯವರು. ಮಗಳು ಅಆಇಈ ಕಲಿಯುವ ಮೊದಲೇ ಚಿಮ್ಮಟ ಹಿಡಿಯುವುದನ್ನು ಕಲಿತಿದ್ದಳು. ಗಂಡನೋ, ಸ್ಕ್ರೂ ಕಂಡರೆ ಸಾಕು, ಅದರ ತಲೆ ಸವೆಸಿಯೇ ಏಳುವ ಪೈಕಿ. ಹಾಗಾಗಿ ಮದುವೆಯಾದಂದಿನಿಂದ ಪಿಸ್ತೂಲಿನ ಆರೈಕೆಯೆಲ್ಲ ಅವಳದೇ. ಮನೆಯಲ್ಲಿ ಆರೈಕೆ ಸಿಗದ ವಸ್ತು ಅವಳೊಬ್ಬಳೇ.

ಸೈಟನ್ನು ಸುಮ್ಮನೆ ಪಕ್ಕಕ್ಕೆ ಸರಿಸಿಟ್ಟರೆ ಪ್ರಯೋಜನವಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಪಂದ್ಯಕ್ಕೆ ಮುಂಚೆ ಲೆಕ್ಕಕ್ಕಿಲ್ಲದ ಕೆಲವು ಗುಂಡು ಹಾರಿಸಿ ನೋಡಲು ಬಿಡುತ್ತಾರೆ. ತಪ್ಪಿದ್ದರೆ ಅಲ್ಲೇ ಕಾಣುತ್ತದೆ, ಎರಡು ಕ್ಲಿಕ್ ತಿರುಗಿಸಿದರೆ ಸರಿಯಾಗುತ್ತದೆ. ಕೆಡುವುದಾದರೆ ಪಂದ್ಯ ನಡೆಯುತ್ತಿರುವಾಗ ಕೆಡಬೇಕು. ಅದೂ ಇಷ್ಟಿಷ್ಟೇ, ವಯಸ್ಸಾಗುವ ಹಾಗೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

ಅದಕ್ಕೆ ದಾರಿಯಿತ್ತು. ಸೈಟನ್ನು ಏರಿಸಿ ಇಳಿಸುವ ಪುಟ್ಟ ಸ್ಕ್ರೂವಿನ ಪಕ್ಕದಲ್ಲಿ ಸಾಸಿವೆ ಗಾತ್ರದ ಒಂದು ಉಕ್ಕಿನ ಗೋಲಿ, ಅದರ ಹಿಂದೆ ಕಣ್ಣಿಗೆ ಕಾಣದಂಥ ಸ್ಪ್ರಿಂಗು. ಸ್ಪ್ರಿಂಗು ಆ ಗೋಲಿಯನ್ನು ಒತ್ತಿ ಹಿಡಿಯುವುದರಿಂದಲೇ ಸ್ಕ್ರೂ ತಿರುಗಿಸುವಾಗ ಕ್ಲಿಕ್ ಎನ್ನುವುದು, ತಾನಾಗಿ ತಿರುಗದೆ ನಿಲ್ಲುವುದು. ಸ್ಪ್ರಿಂಗು ಒಂದು ಸುತ್ತು ಕಡಿಮೆಯಾದರೆ ಕ್ಲಿಕ್ ಕೇಳಿಸುತ್ತದೆ, ಆದರೆ ಹಿಡಿತ ಸಡಿಲ. ಪ್ರತಿ ಹೊಡೆತದ ಅದುರಾಟಕ್ಕೂ ಸ್ಕ್ರೂ ಕೂದಲೆಳೆಯಷ್ಟು ಬಿಚ್ಚಿಕೊಳ್ಳುತ್ತದೆ, ಸೈಟು ಮೇಲೇಳುತ್ತದೆ, ಗುಂಡೂ ಮೇಲಕ್ಕೆ ಹೋಗುತ್ತದೆ. ಅರ್ಧ ಪಂದ್ಯ ಮುಗಿಯುವಷ್ಟರಲ್ಲಿ ನಡುವಿನ ವೃತ್ತ ಬಿಟ್ಟು ಮೇಲಿನ ವೃತ್ತಕ್ಕೆ.

ಗಂಡ ಸೈಟನ್ನು ಅನುಮಾನಿಸುವುದಿಲ್ಲ. ಅದು ಅವನ ಜಾಯಮಾನವಲ್ಲ. ಸೋತ ಬೇರೆ ಶೂಟರುಗಳು ಸೈಟನ್ನು ಬೈದರೆ, "ಕುಣಿಯಕ್ಕೆ ಬಾರದವಳು ನೆಲ ಡೊಂಕು ಅಂದ್ಳಂತೆ," ಎಂದು ನಗುವವನು ಅವನು. ಪಂದ್ಯದ ನಡುವೆ ಸೈಟು ಮುಟ್ಟಿದ್ದೇ ಇಲ್ಲ. ತಪ್ಪೆಲ್ಲ ಕೈಯದು, ಕಣ್ಣಿನದು, ನಲವತ್ತು ದಾಟಿದ ವಯಸ್ಸಿನದು ಎಂದುಕೊಂಡು ಮನೆಗೆ ಬರುತ್ತಾನೆ. ಬಂದವನೇ ಒರೆಸಿಡಲು ಪಿಸ್ತೂಲನ್ನು ಅವಳ ಕೈಗೇ ಕೊಡುತ್ತಾನೆ. ಸರಿಯಾದ ಸ್ಪ್ರಿಂಗು ವಾಪಸು ಕೂರಿಸಲು ಒಂದು ಲೋಟ ಚಹಾ ಆರುವಷ್ಟು ಹೊತ್ತು ಸಾಕು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರುವುದು?

ಮೊದಲ ಸಲ ಅವಳು ಪ್ರಾಮಾಣಿಕವಾಗಿಯೇ ಸೈಟು ಕೂರಿಸಿದಳು. ಅವನು ಮೈದಾನಕ್ಕೊಯ್ದು ಗುರಿ ಹೊಂದಿಸಿಕೊಂಡು ಬಂದ. "ಚೆನ್ನಾಗಿ ಕೂತಿದೆ," ಎಂದನೇ ಹೊರತು ಹೆಚ್ಚು ಮಾತಾಡಲಿಲ್ಲ. ಪಂದ್ಯದ ಮುನ್ನಾದಿನ ಮಧ್ಯಾಹ್ನ, ಅತ್ತೆಗೆ ಜೊಂಪು ಹತ್ತಿದಾಗ, ಅಪ್ಪನ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಕುಳಿತಳು. ಕ್ಲಿಕ್ ಎಣಿಸುತ್ತ ಸ್ಕ್ರೂ ಬಿಚ್ಚಿದಳು. ಒಳಗಿನ ಸ್ಪ್ರಿಂಗು ತೆಗೆದಿಟ್ಟು, ಹಳೆಯ ಸೈಟಿನ ಸ್ಪ್ರಿಂಗನ್ನು ಒಂದು ಸುತ್ತು ಕತ್ತರಿಸಿ ಅದರ ಜಾಗಕ್ಕೆ ಹಾಕಿದಳು. ಅಷ್ಟೇ ಕ್ಲಿಕ್ ಎಣಿಸಿ ಮೊದಲಿನ ಎತ್ತರಕ್ಕೆ ತಂದಳು. ಪಿಸ್ತೂಲಿಗೆ ಬಟ್ಟೆ ಸುತ್ತಿ ಮರದ ಸುತ್ತಿಗೆಯಿಂದ ತಟ್ಟಿ ನೋಡಿದಳು. ಮೊದಮೊದಲು ಸ್ಕ್ರೂ ಅಲುಗಲಿಲ್ಲ. ತಟ್ಟುತ್ತ ಹೋದಂತೆ ನಿಧಾನವಾಗಿ ಮುಖ ತಿರುಗಿಸಿತು. ಮತ್ತೆ ಮೊದಲಿನ ಎತ್ತರಕ್ಕೆ ತಂದಿಟ್ಟಳು. ಕೈ ಒಂದಿಷ್ಟೂ ನಡುಗಲಿಲ್ಲ. ಅದಕ್ಕೇ ಅವಳಿಗೆ ಸಂಕಟವಾಯಿತು. ಇಷ್ಟು ಅಚ್ಚುಕಟ್ಟಾದ ಕೆಲಸವನ್ನು ಅಪ್ಪನಿಗೆ ತೋರಿಸುವ ಹಾಗಿರಲಿಲ್ಲ.

"ಏನೇ ಅದು ಟಕಟಕ?" ಅತ್ತೆ ಕಣ್ಣು ಬಿಟ್ಟರು.

"ಏನಿಲ್ಲ ಅತ್ತೆ. ನಿಮ್ಮ ಮಗನ ಪಿಸ್ತೂಲು."

"ಅವನಿಗಿಂತ ಅದಕ್ಕೇ ಹೆಚ್ಚು ಉಪಚಾರ ನಿನ್ನದು."

ಮರುದಿನ ಗಂಡ ಹೋದ. ಅವಳು ಚಾದರ ಎಳೆದಳು, ಗಂಜಿ ಕುಡಿಸಿದಳು, ಬಟ್ಟೆ ಒಗೆದಳು. ನಡುನಡುವೆ, ಸೋತು ಬರುವವನ ಮುಖ ನೆನೆದು, ಸಮಾಧಾನದ ಮಾತುಗಳನ್ನು ಮನಸ್ಸಿನಲ್ಲೇ ಜೋಡಿಸಿಕೊಂಡಳು: ಹೋಗಲಿ ಬಿಡಿ, ವಯಸ್ಸು ಯಾರನ್ನು ಬಿಟ್ಟಿದೆ. ಅವನನ್ನು ಚೆನ್ನಾಗಿ ನೋಡಿಕೊಳ್ಳಬೇಕು, ಒಂದು ವಾರ ಚಾದರ ಹಿಡಿಯಲೂ ಕರೆಯಬಾರದು ಎಂದು ತೀರ್ಮಾನಿಸಿದಳು. ಸಂಜೆ ಬಾಗಿಲಲ್ಲಿ ಅವನ ಹೆಜ್ಜೆ ಕೇಳಿದಾಗ ಒದ್ದೆ ಕೈ ಸೆರಗಿಗೆ ಒರೆಸಿಕೊಂಡು, ಸಮಾಧಾನದ ಮುಖ ಮಾಡಿಕೊಂಡು ನಿಂತಳು.

ಅವನು ಶೂ ಕೂಡ ಬಿಚ್ಚದೆ ಒಳಗೆ ಬಂದು ಅವಳ ಎರಡೂ ಕೈ ಹಿಡಿದುಕೊಂಡ. "ಆಯ್ಕೆ ಆದೆ ಕಣೇ! ಈ ಜನ್ಮದಲ್ಲೇ ಇಷ್ಟು ಚೆನ್ನಾಗಿ ಹೊಡೆದಿರಲಿಲ್ಲ. ಸೋಮವಾರ ಹೊರಡ್ಬೇಕು, ಎರಡು ವರ್ಷ. ಆ ಸೈಟ್ ಮಾತ್ರ ಮುಟ್ಬೇಡ, ಹಾಗೇ ಇರ್ಲಿ." ಅವನು ಒಳಕೋಣೆಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದ. "ಈಗ ಹೇಳಬಹುದು. ಎರಡು ತಿಂಗಳಿಂದ ನನ್ನ ಭುಜ ಸೋತುಹೋಗಿತ್ತು. ಅರ್ಧ ಪಂದ್ಯ ಆಗೋದ್ರೊಳಗೆ ಕೈ ಇಳಿಯೋದು, ಗುಂಡೆಲ್ಲ ಕೆಳಕ್ಕೆ ಬೀಳೋದು. ಯಾರಿಗೂ ಹೇಳಿರಲಿಲ್ಲ. ಇವತ್ತೂ ಕೈ ಇಳೀತು ಕಣೇ, ಆದ್ರೆ ಗುಂಡು ಇಳೀಲಿಲ್ಲ. ಯಾರೋ ಕೆಳಗಿಂದ ಎತ್ತಿ ಹಿಡಿದ ಹಾಗೆ ನಡುವಿಗೇ ಹೋಯ್ತು. ಭುಜ ಸರಿಯಿದ್ದಿದ್ರೆ, ಪಿಸ್ತೂಲ್ ಮಾರಿ ಮನೇಲಿರ್ತೀನಿ ಅಂತ ನಿನಗೆ ಮಾತು ಯಾಕೆ ಕೊಡ್ತಿದ್ದೆ ಹೇಳು? ಸೋಲ್ತೀನಿ ಅಂತ ಗೊತ್ತಿದ್ದೇ ಕೊಟ್ಟಿದ್ದು."