ಕಿವಿಯ ಹಿಂದಿನ ಬಿಸಿ

ನಂಬಿ ಎಂದು ನಾನು ಯಾರನ್ನೂ ಒತ್ತಾಯಿಸುವುದಿಲ್ಲ. ಮಣಿಪಾಲದ ಸಮೀಪದ ಒಂದು ಪ್ರಯೋಗಾಲಯದಲ್ಲಿ ನನಗೆ ಕೆಲಸ. ಹೊಸ ಮದ್ದು ಎಷ್ಟಾದರೆ ವಿಷವಾಗುತ್ತದೆ ಎಂದು ತಿಳಿಯಲು ಬಿಳಿ ಇಲಿಗಳ ಗಂಟಲಿಗೆ ಕೊಳವೆ ಇಳಿಸಿ ಕುಡಿಸುತ್ತೇವೆ.

ನನ್ನ ಜೊತೆಗಿದ್ದವಳು ಕಟಪಾಡಿಯ ಹಸ್ನಾ. ಎಸಿಯ ಚಳಿಯಲ್ಲಿ ಅಂಗೈ ಉಜ್ಜಿ ಬಿಸಿ ಮಾಡಿಕೊಂಡು, ಪ್ರತಿ ಇಲಿಯ ಕಿವಿಯ ಹಿಂದೆ ಹೆಬ್ಬೆರಳಿನಿಂದ ಸವರಿದ ಮೇಲೆಯೇ ಅದನ್ನು ನನಗೆ ಕೊಡುತ್ತಿದ್ದಳು.

"ತಣ್ಣಗಿನ ಕೈ ಹಾಕಬೇಡ ಮಾರಾಯ್ತಿ. ಅವಕ್ಕೆ ಎಂತ ಗೊತ್ತುಂಟು?" ಎನ್ನುತ್ತಿದ್ದಳು.

ಕಳೆದ ಮಳೆಗಾಲ ಜ್ವರ ಬಂದು ಹಸ್ನಾ ತೀರಿಕೊಂಡಳು. ಆಮೇಲೆ ತಂದ ಇಲಿಗಳು ಅವಳನ್ನು ಕಂಡಿರಲೇ ಇಲ್ಲ.

ಅವಕ್ಕೆ ಮದ್ದು ಕುಡಿಸುವ ಬೆಳಿಗ್ಗೆ ಸಿರಿಂಜು ಹಿಡಿದು ನಿಂತಿದ್ದೆ. ಪಂಜರಗಳ ಬಳಿ ಯಾರೂ ಇರಲಿಲ್ಲ, ಆದರೂ ಅಲ್ಲಿ ಅಂಗೈ ಉಜ್ಜಿದ ಸದ್ದಾಯಿತು. ಬಾಗಿಲ ಬದಿಯ ಪಂಜರದ ಇಲಿ ತಲೆ ಎತ್ತಿ ಕಣ್ಣು ಮುಚ್ಚಿತು. ನಂತರ ಪಕ್ಕದ್ದು, ಆಮೇಲೆ ಅದರಾಚೆಯದು. ಒಂದೊಂದರ ಕಿವಿಯ ಹಿಂದೆಯೂ ರೋಮ ಮೆಲ್ಲಗೆ ಮಲಗುತ್ತಿತ್ತು.

"ಶುರು ಮಾಡುವುದಲ್ವಾ ಮೇಡಂ?" ಎಂದ, ಹಸ್ನಾಳ ಜಾಗಕ್ಕೆ ಬಂದಿದ್ದ ಸುಕೇಶ್.

"ಸ್ವಲ್ಪ ನಿಲ್ಲಿ. ಇನ್ನೊಂದು ಉಂಟು," ಎಂದೆ.

ಕುಡಿಸುವಾಗ ಒಂದು ಇಲಿಯೂ ಕೊಸರಾಡಲಿಲ್ಲ. ಸಂಜೆಯೊಳಗೆ ಎಲ್ಲವೂ ಸತ್ತವು.

ಮರುದಿನ ಕೊಯ್ದು ನೋಡಲು ಅವುಗಳನ್ನು ಫ್ರಿಜ್ಜಿನಿಂದ ತೆಗೆದೆವು. ಬಾಲ, ಹೊಟ್ಟೆ, ಪಾದ ಎಲ್ಲವೂ ಐಸಿನ ಹಾಗೆ ತಣ್ಣಗಿದ್ದವು. ಸುಕೇಶ್ ಒಂದನ್ನು ಎತ್ತಿ ನನ್ನತ್ತ ಚಾಚಿದ.

"ಮೇಡಂ, ಇದರ ಕಿವಿಯ ಹಿಂದೆ ಮುಟ್ಟಿ ನೋಡಿ."

ಗ್ಲೌಸ್ ಕಳಚಿ ಅಲ್ಲಿ ಹೆಬ್ಬೆರಳಿಟ್ಟೆ. ಅಷ್ಟೇ ಅಗಲದ ಜಾಗ ಬೆಚ್ಚಗಿತ್ತು. ನನ್ನ ಕೈ ಎಂದಿನಂತೆ ತಣ್ಣಗಿತ್ತು.