ಹೆಸರಿಲ್ಲದ ರಕ್ತ

"ಮುಟ್ಟಬೇಡ! ಆ ಪೀಡೇನ ಮುಟ್ಟಿದ ಕೈಯಲ್ಲಿ ನನ್ನ ಅಡುಗೆಮನೆ ಪಾತ್ರೆ ಮುಟ್ಟಬೇಡ!"

ಅತ್ತೆಯ ಕೂಗಿಗೆ ಸೊಸೆಯ ಕೈಯಲ್ಲಿದ್ದ ಹಾಲಿನ ಬಟ್ಟಲು ಜಾರಿ ನೆಲಕ್ಕೆ ಬಿತ್ತು. ಹಿತ್ತಿಲ ಬಾಗಿಲಲ್ಲಿ ಕೂತಿದ್ದ ಬೆಕ್ಕು, ಯಾರದೋ ಜಗಳ ನನಗೇಕೆ ಎಂಬಂತೆ ಮುಂಗಾಲು ನೆಕ್ಕಿಕೊಳ್ಳುತ್ತಿತ್ತು. ಪಾಪ, ಆ ಜಗಳವೆಲ್ಲ ತನ್ನದೇ ಎಂದು ಅದಕ್ಕೆ ಹೇಗೆ ಗೊತ್ತಾಗಬೇಕು! ಬಿಳಿ ಮೈ, ಮೂತಿಯ ಮೇಲೆ ಮಾತ್ರ ಮಸಿ ಬಳಿದಂಥ ಕಪ್ಪು ಮಚ್ಚೆ. ಅದಕ್ಕೇ ಸೊಸೆಯ ಅಪ್ಪ ಅದನ್ನು ಮಸಿಮೂತಿ ಎಂದು ಕರೆದಿದ್ದರು. ಕೈಗಡಿಯಾರ ರಿಪೇರಿ ಮಾಡುತ್ತಿದ್ದ ಅಪ್ಪ ತೀರಿಕೊಂಡ ಮೇಲೆ ಅವಳಿಗೆ ತವರು ಅಂತ ಉಳಿದಿದ್ದು ಆ ಒಂಬತ್ತು ವರ್ಷದ ಬೆಕ್ಕೊಂದೇ.

"ಅತ್ತೆ, ಏನಾಯ್ತು?" ಎಂದಳು.

"ನನ್ನನ್ಯಾಕೆ ಕೇಳ್ತೀಯ? ನಿನ್ನ ಗಂಡನ್ನ ಕೇಳು. ನಿನ್ನ ರಕ್ತ ನೋಡ್ಕೊಂಡು ಬಂದಿದ್ದಾನೆ."

ಗಂಡ ಮೇಜಿನ ಮೇಲಿದ್ದ ಚೀಟಿಯನ್ನೇ ನೋಡುತ್ತ ಕೂತಿದ್ದ. ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಅವನು ಹದಿನಾಲ್ಕು ವರ್ಷದಿಂದ ಟೆಕ್ನಿಷಿಯನ್. ಬೀದಿಯವರು ಅವನನ್ನು ಅರ್ಧ ಡಾಕ್ಟರು ಎನ್ನುತ್ತಿದ್ದರು; ತಾಯಿಯಂತೂ ಆ ಅರ್ಧವನ್ನೂ ಕಿತ್ತುಹಾಕಿ ಪೂರ್ತಿ ಡಾಕ್ಟರನ್ನೇ ಮಾಡಿಬಿಟ್ಟಿದ್ದಳು. ಮನೆಯಲ್ಲಿ ಯಾರಿಗೆ ಮೈ ಬೆಚ್ಚಗಾದರೂ ಅವನೇ ರಕ್ತ ತೆಗೆದು, ಜೇಬಿನಲ್ಲಿಟ್ಟುಕೊಂಡು ಹೋಗಿ, ಊಟದ ಬಿಡುವಿನಲ್ಲಿ ಪರೀಕ್ಷೆ ಮಾಡಿ, ಸಂಜೆ ಬಂದು ತೀರ್ಪು ಕೊಡುತ್ತಿದ್ದ. ರಿಜಿಸ್ಟರಿನಲ್ಲಿ ಹೆಸರಿಲ್ಲ, ನಂಬರಿಲ್ಲ. ಟ್ಯೂಬಿನ ಮೇಲೆ 'ಮನೆ' ಎಂದು ಎರಡೇ ಅಕ್ಷರ. ಹೆಂಡತಿಗೆ ಎರಡೂವರೆ ತಿಂಗಳು ತುಂಬಿದಾಗ ಅವಳ ರಕ್ತವೂ ಹಾಗೇ ಹೋಗಿತ್ತು.

"ಬೆಕ್ಕಿನಿಂದ ಬರೋ ಸೋಂಕು ಕಣೇ," ಎಂದ ಅವನು, ತಲೆ ಎತ್ತದೆ. "ಟಾಕ್ಸೊ ಅಂತಾರೆ. ಬೆಕ್ಕಿನ ಹೇಲಿನಲ್ಲಿರುತ್ತೆ. ದೊಡ್ಡವರಿಗೆ ಏನೂ ಆಗಲ್ಲ... ಆದರೆ ಬಸುರಿಯಾಗಿದ್ದಾಗ ಹೊಸದಾಗಿ ತಗುಲಿದ್ರೆ ಮಗುವಿನ ಕಣ್ಣಿಗೆ, ಮಿದುಳಿಗೆ..."

ಸೊಸೆಯ ಒಂದು ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು.

ಅತ್ತೆಯನ್ನು ಬರೀ ಕೆಟ್ಟವಳು ಎಂದುಬಿಟ್ಟರೆ ನಾವು ಸುಲಭವಾಗಿ ಪಾರಾಗುತ್ತೇವೆ. ಅವಳ ತಂಗಿಗೆ ಹುಟ್ಟುಕುರುಡ ಮಗನಿದ್ದ. ಮೂವತ್ತು ವರ್ಷ ಆ ತಾಯಿ ಅವನ ಬಾಯಿಗೆ ತುತ್ತಿಡುತ್ತ, ಗೋಡೆ ಎಲ್ಲಿದೆ ಎಂದು ಹೇಳುತ್ತ ಸವೆದು ಹೋದದ್ದನ್ನು ಇವಳು ಕಣ್ಣಾರೆ ಕಂಡಿದ್ದಳು. ಆ ಭಯಕ್ಕೆ ಅವಳ ಬಾಯಲ್ಲಿ ಬಂದ ರೂಪ ಮಾತ್ರ ಬೆಂಕಿಯಂಥದ್ದು.

"ತೆಗೆಸಿಬಿಡಿ," ಎಂದಳು ಮುಂದಿನ ಐದು ದಿನವೂ. "ಮೂರು ತಿಂಗಳು ತುಂಬೋದ್ರೊಳಗೆ ತೆಗೆಸಿಬಿಡಿ. ಹುಟ್ಟಿಸಿ ಗೋಳಾಡೋದು ಬೇಡ."

"ದೊಡ್ಡ ಲ್ಯಾಬಿಗೆ ಇನ್ನೊಂದು ಸಲ ಕಳಿಸೋಣ ರೀ," ಎಂದು ಸೊಸೆ ಗಂಡನ ಅಂಗಿ ಹಿಡಿದು ಬೇಡಿದಳು. "ಹತ್ತೇ ಹತ್ತು ದಿನ ಕಾಯೋಣ. ನನ್ನ ಮನಸ್ಸು ಹೇಳ್ತಿದೆ, ಮಗುಗೆ ಏನೂ ಆಗಿಲ್ಲ..."

"ನಾನೇ ನೋಡಿದ್ದೀನಿ ಅಂದ್ನಲ್ಲ! ಮಷಿನ್ ಸುಳ್ಳು ಹೇಳುತ್ತಾ?"

ಮಷಿನ್ ಸುಳ್ಳು ಹೇಳಿರಲಿಲ್ಲ. ಅದು ಅರ್ಧವನ್ನಷ್ಟೇ ಹೇಳಿತ್ತು. ಟಾಕ್ಸೊ ಗುರುತು ರಕ್ತದಲ್ಲಿ ಕಂಡರೆ ಸೋಂಕು ಈಗಿನದೇ ಎಂದೇನಿಲ್ಲ. ಕೆಲವರಲ್ಲಿ ಅದು ವರ್ಷಗಟ್ಟಲೆ ಉಳಿದುಬಿಡುತ್ತದೆ. ಹಳೆಯದೋ ಹೊಸದೋ ಎಂದು ತಿಳಿಯಲು ದೊಡ್ಡ ಲ್ಯಾಬಿನಲ್ಲಿ ಇನ್ನೊಂದು ಪರೀಕ್ಷೆ ಆಗಲೇಬೇಕೆಂಬುದು ನಿಯಮ. ಬೇರೆ ಬಸುರಿಯರಿಗೆ ಅವನೇ ಎಷ್ಟೋ ಸಲ "ಹೆದರಬೇಡಿಮ್ಮಾ, ಇದೇ ಕೊನೆಯಲ್ಲ" ಎಂದು ಧೈರ್ಯ ಹೇಳಿ ಕಳಿಸಿದ್ದ. ಆದರೆ ಕಳಿಸಬೇಕೆಂದರೆ ರಿಜಿಸ್ಟರಿನಲ್ಲಿ ಹೆಸರು ಬರೆಯಬೇಕು. ಹೆಸರು ಬರೆದರೆ ಮೊದಲ ಪರೀಕ್ಷೆ ಎಲ್ಲಿ ಆಯಿತು ಎಂದು ಕೇಳುತ್ತಾರೆ. ಹದಿನಾಲ್ಕು ವರ್ಷದ ಕಳ್ಳ ಟ್ಯೂಬುಗಳೆಲ್ಲ ಹೊರಬರುತ್ತವೆ. ಕೆಲಸ ಹೋಗುತ್ತದೆ... ಆ ಒಂದು ಅಂಜಿಕೆಗೆ ಅವನು ತನ್ನ ವಿದ್ಯೆಯ ಕತ್ತನ್ನೇ ಹಿಸುಕಿದ.

ನರ್ಸಿಂಗ್ ಹೋಮಿನ ಡಾಕ್ಟರು ಚೀಟಿ ನೋಡಿ, "ಎರಡನೇ ಪರೀಕ್ಷೆ ಆಗಿದೆ ತಾನೇ?" ಎಂದು ಕೇಳಿದರು. ಅವನು ಹೂಂ ಎಂದು ತಲೆಯಾಡಿಸಿದ. ಅಷ್ಟೇ.

ನರ್ಸಿಂಗ್ ಹೋಮಿಗೆ ಹೋಗುವ ಹಿಂದಿನ ಮಧ್ಯಾಹ್ನ ಸೊಸೆ ತಾನು ಪುಸ್ತಕ ಬೈಂಡಿಂಗ್ ಮಾಡುವ ಲೈಬ್ರರಿಯಿಂದ ರಟ್ಟಿನ ಪೆಟ್ಟಿಗೆ ತಂದು, ಮಸಿಮೂತಿಯನ್ನು ಅದರಲ್ಲಿ ಕೂರಿಸಿ, ಮೀನಿನ ಅಂಗಡಿಗಳ ಹಿಂದಿನ ಓಣಿಯಲ್ಲಿ ಬಿಟ್ಟು ಬಂದಿದ್ದಳು. ಅಲ್ಲಾದರೆ ಹಸಿವಿಗೆ ಸಾಯುವುದಿಲ್ಲ ಎಂದುಕೊಂಡಳು. ಬೆಕ್ಕು ಪೆಟ್ಟಿಗೆಯಿಂದ ಇಳಿಯಲೇ ಇಲ್ಲ. ಇವಳೇ ಓಡಿ ಬಂದಳು.

ಮಗುವನ್ನು ತೆಗೆಸಿ ಎಲ್ಲ ಮುಗಿದ ಮೇಲೆ ಅವಳು ಅಳಲಿಲ್ಲ. ಕೈ ತೊಳೆಯತೊಡಗಿದಳು. ಬೆಳಿಗ್ಗೆ ಎದ್ದು ತೊಳೆದಳು, ಪುಸ್ತಕಕ್ಕೆ ಅಂಟು ಹಚ್ಚುವ ಮೊದಲು ತೊಳೆದಳು, ಹಚ್ಚಿದ ಮೇಲೂ ತೊಳೆದಳು. ಬೆರಳ ಸಂದಿಗಳು ಬಿರುಕುಬಿಟ್ಟು ರಕ್ತ ಜಿನುಗಿದರೂ ಬ್ರಷ್ ಬಿಡಲಿಲ್ಲ. "ಈ ಕೈಯಿಂದಲೇ ಅಲ್ವಾ ಅದರ ಮಣ್ಣಿನ ಡಬ್ಬ ಬಳೀತಿದ್ದಿದ್ದು... ನಾನೇ ಕೊಂದೆ, ನನ್ನ ಮಗೂನ ನಾನೇ ಕೊಂದೆ..." ಎಂದು ನಲ್ಲಿಗೆ ಹೇಳಿಕೊಳ್ಳುತ್ತಿದ್ದಳು. ಅತ್ತೆಯೂ ಈಗ ಬಯ್ಯುತ್ತಿರಲಿಲ್ಲ. ಬಯ್ದಿದ್ದರೆ ವಾಸಿಯಿತ್ತೇನೋ.

ಮೂರು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಲ್ಯಾಬಿನ ಹಿರಿಯ ಡಾಕ್ಟರಮ್ಮ ಗಂಡನನ್ನು ಒಳಗೆ ಕರೆದರು. ಅವರ ಮುಖದಲ್ಲಿ ನಗುವಿತ್ತು.

"ಫ್ರಿಜ್ ಕ್ಲೀನ್ ಮಾಡಿಸ್ತಿದ್ದಾಗ ನಂಬರಿಲ್ಲದ, ಬರೀ 'ಮನೆ' ಅಂತ ಬರೆದ ಟ್ಯೂಬ್ ಸಿಕ್ತು. ಟಾಕ್ಸೊ ಪಾಸಿಟಿವ್, ಎರಡೂವರೆ ತಿಂಗಳ ಬಸುರಿ ಅಂತ ಬರೆದ ಚೀಟಿಯ ನಕಲು ರಬ್ಬರ್ ಬ್ಯಾಂಡ್‌ನಲ್ಲಿ ಸುತ್ತಿತ್ತು. ಯಾರ ಕೆಲಸ ಅಂತ ಆಮೇಲೆ ವಿಚಾರಿಸೋಣ ಅಂತ, ನಾನೇ ಮೊದಲು ದೊಡ್ಡ ಲ್ಯಾಬಿಗೆ ಕಳಿಸಿದ್ದೆ. ಅಕ್ಷರ ನಿಮ್ಮದೇ ಅಲ್ವಾ? ತಗೊಳ್ಳಿ, ಒಳ್ಳೇ ಸುದ್ದಿ. ಹಳೇ ಸೋಂಕು. ಬಸುರಿಯಾಗೋಕೆ ಮುಂಚಿನದು. ಮಗುವಿಗೆ ಏನೂ ಭಯವಿಲ್ಲ. ಯಾರೋ ಏನೋ, ಪಾಪ, ಎಷ್ಟು ಹೆದರ್ಕೊಂಡಿದ್ದಾರೋ! ಬೇಗ ತಿಳಿಸಿ."

ಅವನು ಕಾಗದ ತೆಗೆದುಕೊಂಡ. "ತಿಳಿಸ್ತೀನಿ, ಮೇಡಂ," ಎಂದ. ಆ ಎರಡು ಮಾತು ಅವನ ಬಾಯಿಂದ ಹೇಗೆ ಬಂದವೋ ದೇವರಿಗೇ ಗೊತ್ತು.

ಮನೆಗೆ ಬಂದಾಗ ಬಾಗಿಲು ತೆಗೆದ ತಾಯಿ ಮಗನ ಮುಖ ನೋಡಿ ಗಾಬರಿಯಾದಳು. ಎಲ್ಲ ಕೇಳಿದ ಮೇಲೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಹಿತ್ತಿಲಿನಿಂದ ನಲ್ಲಿಯ ಸದ್ದು ಕೇಳುತ್ತಿತ್ತು.

"ಹೇಳಬೇಡ ಕಣೋ," ಎಂದಳು ಪಿಸುದನಿಯಲ್ಲಿ. "ಹೋಗಿದ್ದು ಹೋಯ್ತು. ಹೇಳಿದ್ರೆ ಅವಳು ನಮ್ಮ ಮುಖ ನೋಡಲ್ಲ."

"ಹೇಳದಿದ್ರೆ ಅವಳು ಆ ಕೈ ತೊಳೆಯೋದು ನಿಲ್ಲಿಸಲ್ಲ, ಅಮ್ಮಾ!"

ಅವನು ಹಿತ್ತಿಲಿಗೆ ಹೋಗಿ ನಲ್ಲಿ ನಿಲ್ಲಿಸಿದ. ಬ್ರಷ್ ಕಿತ್ತುಕೊಂಡು, ಒದ್ದೆಯ ಆ ಬಿರುಕು ಕೈಗಳಲ್ಲಿ ಕಾಗದವಿಟ್ಟ. "ನಿನ್ನ ತಪ್ಪಿಲ್ಲ ಕಣೇ. ಬೆಕ್ಕಿನ ತಪ್ಪೂ ಇಲ್ಲ. ನಿನಗೆ ಆ ಸೋಂಕು ಎಂದೋ ಬಂದು ಹೋಗಿದೆ. ಮಗು... ಮಗು ಚೆನ್ನಾಗಿತ್ತು. ನಾನು ಕಳಿಸಬೇಕಿತ್ತು, ಕಳಿಸಲಿಲ್ಲ. ಡಾಕ್ಟರು ಕೇಳಿದಾಗ ಸುಳ್ಳು ಹೇಳಿದೆ. ನನ್ನನ್ನ ಹೊಡಿ, ಬಯ್ಯಿ... ಏನಾದ್ರೂ ಮಾಡು!"

ಅವಳು ಹೊಡೆಯಲಿಲ್ಲ. ಕಾಗದವನ್ನು ಮೇಲಿನಿಂದ ಕೆಳಗಿನವರೆಗೆ ಓದಿದಳು, ಮತ್ತೆ ಮೇಲಕ್ಕೆ ಬಂದಳು. ನೀರು ತಾಗಿ ಅಕ್ಷರಗಳು ಹರಡುತ್ತಿದ್ದವು.

"ಹೆಸರು ಅನ್ನೋ ಕಡೆ 'ಮನೆ' ಅಂತಿದೆಯಲ್ಲ," ಎಂದಳು ಮೆಲ್ಲಗೆ. "ನನ್ನ ಹೆಸರು ಬರೆಯೋಕೆ ಅಷ್ಟು ಕಷ್ಟವಾಯ್ತೇನ್ರೀ?"

ಅವನು ಆ ಸಿಮೆಂಟಿನ ನೆಲದ ಮೇಲೆ ಕೂತು ಮಗುವಿನಂತೆ ಬಿಕ್ಕಿಬಿಕ್ಕಿ ಅತ್ತ. ಮರುದಿನ ಎಲ್ಲವನ್ನೂ ಬರೆದು ಡಾಕ್ಟರಮ್ಮನ ಕೈಗೆ ಕೊಟ್ಟ. ಕೆಲಸ ಹೋಯಿತು. ಬೀದಿಯವರು ಅವನನ್ನು ಯಾವ ಹೆಸರಿನಿಂದಲೂ ಕರೆಯುವುದನ್ನು ಬಿಟ್ಟರು.

ಸೊಸೆ ಮನೆ ಬಿಟ್ಟು ಹೋಗಲಿಲ್ಲ. ಹೋಗಲು ಅವಳಿಗೆ ಎಲ್ಲಿತ್ತು ಜಾಗ? ಗಂಡನಿಗೆ ಊಟ ಬಡಿಸುತ್ತಿದ್ದಳು, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು, ಅದಕ್ಕಿಂತ ಒಂದು ಮಾತು ಹೆಚ್ಚಿಲ್ಲ. ಲೈಬ್ರರಿಯಿಂದ ಬರುವಾಗ ದಿನವೂ ಮೀನಿನ ಅಂಗಡಿಗಳ ಹಿಂದೆ ಸುತ್ತು ಹಾಕಿ ಬರುತ್ತಿದ್ದಳು. ರಟ್ಟಿನ ಪೆಟ್ಟಿಗೆ ಒಂದು ವಾರ ಅಲ್ಲೇ ಬಿದ್ದಿತ್ತು, ಆಮೇಲೆ ಅದೂ ಇಲ್ಲವಾಯಿತು. ಮೀನು ಮಾರುವವಳು, "ಅಂಥ ಬೆಕ್ಕು ಮೊದಲೆರಡು ದಿನ ಕೂಗ್ತಾ ಇತ್ತಮ್ಮಾ, ಆಮೇಲೆ ನೋಡಲಿಲ್ಲ," ಎಂದಳು.

ಒಂದು ಸಂಜೆ ಓಣಿಯಲ್ಲಿ ಅವಳಿಗೆ ತನ್ನ ಹಿಂದೆ ಎಳೆದೆಳೆದು ಹಾಕುವ ಹೆಜ್ಜೆಯ ಸದ್ದು ಕೇಳಿಸಿತು. ತಿರುಗಿದರೆ ಅತ್ತೆ! ಮಂಡಿನೋವಿನ ಮುದುಕಿ ಅಷ್ಟು ದೂರ ನಡೆದುಬಂದಿದ್ದಳು. ಕೈಯಲ್ಲಿ ಅಂದು ಬಿದ್ದು ನೆಗ್ಗಿದ ಅದೇ ಬಟ್ಟಲು, ಅದರ ತುಂಬ ಹಾಲು. ಸೊಸೆಯ ಕಣ್ಣು ನೋಡಲಾರದೆ ಅತ್ತೆ ಬುಟ್ಟಿಗಳ ಸಂದಿ, ಚರಂಡಿಯ ಕಲ್ಲುಗಳ ಸಂದಿಯಲ್ಲಿ ಬಗ್ಗಿ ನೋಡಿದಳು. ಆಮೇಲೆ, ಪೀಡೆ ಎಂದಲ್ಲದೆ ಒಂದು ದಿನವೂ ಕರೆಯದಿದ್ದ ಆ ಪ್ರಾಣಿಯನ್ನು, ಓಣಿಗೆಲ್ಲ ಕೇಳುವಂತೆ ಕೂಗಿದಳು.

"ಮಸಿಮೂತೀ... ಬಾ ತಾಯೀ... ಮಸಿಮೂತೀ..."

ಯಾವ ಸಂದಿಯಿಂದಲೂ ಏನೂ ಬರಲಿಲ್ಲ. ಸೊಸೆ ಹತ್ತಿರ ಬಂದು ಅತ್ತೆಯ ಕೈಯಿಂದ ಬಟ್ಟಲು ಇಸಿದುಕೊಂಡಳು.

"ಅಷ್ಟು ಜೋರಾಗಿ ಕೂಗಬೇಡಿ ಅತ್ತೆ," ಎಂದಳು. "ನಿಮ್ಮ ದನಿ ಕೇಳಿದ್ರೆ ಅದು ಹೆದರ್ಕೊಳ್ಳುತ್ತೆ."